ಸಾಲಿನಲ್ಲೊಂದು ತೆರಪು

ಸಭೆಯ ಅಧ್ಯಕ್ಷರಾದ ಮಾನ್ಯ ಮೇಯರ್ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಪಡೆಯ ಬಿಳಿ ಅಂಗಿಯ ಯೋಧರೇ, ಗಡಿಯ ಬ್ಲೀಸ್ ನದಿಯಾಚೆಯ ಜರ್ಮನಿಯಿಂದ ಊಟದ ಹೊತ್ತಿಗೆ ಸರಿಯಾಗಿ ಬಂದು ಕುಳಿತಿರುವ ನೀಲಿ ಅಂಗಿಯ ಶತ್ರುಗಳೇ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಕೇಳುತ್ತಿರುವವರೇ ಮತ್ತು ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ನಮ್ಮ ಕ್ಯಾಪ್ಟನ್ ಗೋಂಟ್ರಾನ್ ಡೆಮಾಂಜ್ ಅವರು ನನ್ನನ್ನು ಪರಿಚಯಿಸುತ್ತಾ, ‘ವೇಷ ಹಾಕುವ ನಮ್ಮೆಲ್ಲರಿಗೂ ಹೆಸರಿಡುವ ಸೊಲಾಂಜ್ ಮೇಡಂ’ ಎಂದರು. ವೇಷ ಹಾಕುವುದು ಹಬ್ಬದ ಮೆರವಣಿಗೆಯಲ್ಲಿ. ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಮತ್ತೆ ಆಡಿ ತೋರಿಸುವ ನಾವು ಧರಿಸುವುದು ಸಮವಸ್ತ್ರ. ಹದಿನೆಂಟನೆಯ ಶತಮಾನದ ನಮ್ಮ ಫ್ರೆಂಚ್ ಪದಾತಿ ಸೈನಿಕರು ತೊಟ್ಟ ಅದೇ ಮಾಸಲು ಬಿಳಿಯ ಉಣ್ಣೆಬಟ್ಟೆ, ಅದೇ ಹಿತ್ತಾಳೆಯ ಗುಂಡಿ, ಅದೇ ಕೈಹೊಲಿಗೆ. ಗೋಂಟ್ರಾನ್ ಬಾಲ್ಯದಲ್ಲಿ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು ಓದಿದವರು. ಕಿಟಕಿಯ ಪಕ್ಕದಿಂದ ಎಬ್ಬಿಸಿ ಬೇರೆಡೆ ಕೂರಿಸಬೇಕಾಗಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಮತ್ತೊಂದು ಮಾತು. ನನ್ನ ಮುಂದಿನ ಮೇಜಿನ ಮೇಲೆ ಬಿಳಿಯ ವಸ್ತ್ರ ಮುಚ್ಚಿಟ್ಟಿರುವುದನ್ನು ಕೇಕು ಎಂದು ಭಾವಿಸಿ ಮುಂದಿನ ಸಾಲಿನವರು ಬಹಳ ಆಸಕ್ತಿಯಿಂದ ನೋಡುತ್ತಿದ್ದೀರಿ. ಅದು ಕೇಕಲ್ಲ. ಮಿರಬೆಲ್ ಎಂಬ ಹಳದಿ ಪ್ಲಮ್ ಹಣ್ಣಿನ ಕಡುಬು ಒಲೆಯಲ್ಲಿದೆ. ನನ್ನ ಮಾತು ಮುಗಿಯುವವರೆಗೆ ಅಲ್ಲಿಯೇ ಇರುತ್ತದೆ.

ಇಂದು ಸಂತ ಮೋರಿಸನ ದಿನ, ಪದಾತಿದಳದವರ ಹಬ್ಬ. ಇಂದಿಗೆ ನಮ್ಮ ಋತು ಮುಗಿಯುತ್ತದೆ. ಬಂದೂಕುಗಳಿಗೆ ಎಣ್ಣೆ ಹಚ್ಚಿ ಮುಂದಿನ ವಸಂತದವರೆಗೆ ಎತ್ತಿಡುತ್ತೇವೆ. ಹೊಸಬರಿಗೆ ಹೆಸರಿಡುವುದೂ ಇಂದೇ. ಹಳೆಯ ಕಾಲದಲ್ಲಿ ರಾಜನ ಪದಾತಿದಳ ಸೇರಿದವನಿಗೆ ಸಿಗುತ್ತಿದ್ದ ಮೊದಲ ಆಸ್ತಿ ಬಂದೂಕಲ್ಲ, ಹೆಸರು. ಹೆತ್ತವರು ಇಟ್ಟ ಹೆಸರು ಊರಿನ ಚರ್ಚಿನಲ್ಲಿ ಉಳಿಯುತ್ತಿತ್ತು. ಯುದ್ಧಕ್ಕೆ ಹೋಗುತ್ತಿದ್ದುದು ಪಡೆಯ ಹೆಸರು. ಗುಲಾಬಿ, ನಗುಮೊಗ, ಬೆಟ್ಟ ಕಡಿಯುವವ, ಕುಡಿಯಲು ಸಿದ್ಧ. ಈ ಕೊನೆಯ ಹೆಸರಿಗೆ ನಮ್ಮಲ್ಲಿ ಪ್ರತಿ ವರ್ಷ ಪೈಪೋಟಿ ಇರುತ್ತದೆ. ಹೆಸರಿಡುವ ಕೆಲಸ ನನ್ನದಾದದ್ದು ಏಕೆ? ನಾನು ಬಂದೂಕು ಹಿಡಿಯುವವಳಲ್ಲ. ಶಿಬಿರದಲ್ಲಿ ಕೋಸು, ನೂಲ್‌ಕೋಲು, ಉಪ್ಪು ಹಾಕಿದ ಹಂದಿಮಾಂಸ ಬೇಯಿಸುವ ಸೂಪಿನ ಕಡಾಯಿ ನನ್ನದು. ಆದರೆ ಇಡೀ ಜೀವಮಾನ ಹಾಜರಿ ಕೂಗಿದವಳಿಗೆ ಹೆಸರಿನ ಬೆಲೆ ಗೊತ್ತಿರುತ್ತದೆ ಎಂದು ನನ್ನ ಪತಿ ಹಟ ಹಿಡಿದರು. ನಾನು ಮೊದಲು ಹೆಸರಿಟ್ಟದ್ದೂ ಅವರಿಗೇ.

ಫುಲ್ಬೇರ್ ಮಾರ್ಷಾಲ್ ಅವರನ್ನು ನೀವೆಲ್ಲರೂ ಬಲ್ಲಿರಿ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು. ಅವರಷ್ಟು ಚಿಂತೆ ಮಾಡುವ ಮನುಷ್ಯನನ್ನು ನಾನು ಕಂಡಿಲ್ಲ. ಮನೆಯಿಂದ ಹೊರಟು ಚರ್ಚಿನ ಮೂಲೆ ತಲುಪಿದ ಮೇಲೆ ನಿಂತುಬಿಡುತ್ತಿದ್ದರು. ‘ಸೊಲಾಂಜ್, ಗ್ಯಾಸ್ ಆಫ್ ಮಾಡಿದ್ವಾ?’ ಮಾಡಿದ್ದೇವೆ ಎನ್ನುತ್ತಿದ್ದೆ. ‘ನೀನು ಮಾಡಿದ್ದೋ, ನಾನು ಮಾಡಿದ್ದೋ?’ ನಾನು ಎನ್ನುತ್ತಿದ್ದೆ. ‘ಹಂಗಾದ್ರೆ ಸರಿ. ಆದ್ರೂ ಒಂದ್ಸಲ ಹೋಗಿ ನೋಡ್ಕೊಂಡ್ ಬಂದ್ಬಿಡ್ತೀನಿ ಕಣೇ.’ ಇಂಥ ಮನುಷ್ಯನಿಗೆ ನಾನಿಟ್ಟ ಹೆಸರು ‘ನಿಶ್ಚಿಂತ’. ಅಂದು ಇದೇ ಸಭಾಂಗಣದಲ್ಲಿ ನೀವು ನಕ್ಕ ನಗೆಗೆ ಗಾಜುಗಳು ಅದುರಿದವು. ಅವರೂ ನಕ್ಕರು. ನಕ್ಕು, ಬಾಗಿಲಿನ ಚಿಲಕ ಹಾಕಿದೆಯೇ ಎಂದು ಎದ್ದು ನೋಡಿ ಬಂದರು.

ಆದರೆ, ಸಭಿಕರೇ, ಆ ಬಿಳಿ ಅಂಗಿ ತೊಟ್ಟು ಸಾಲಿನಲ್ಲಿ ನಿಂತೊಡನೆ ಅವರು ನಿಜಕ್ಕೂ ನಿಶ್ಚಿಂತರಾಗುತ್ತಿದ್ದರು. ಎಡಗಡೆಯವನ ಮೊಣಕೈ, ಬಲಗಡೆಯವನ ಮೊಣಕೈ, ಮುಂದೆ ಹಸಿರು ಹುಲ್ಲು. ಏನು ಮಾಡಬೇಕೆಂದು ಸಾರ್ಜೆಂಟ್ ಕೂಗಿ ಹೇಳುತ್ತಾನೆ. ಗ್ಯಾಸಿನ ಜವಾಬ್ದಾರಿ ರಾಜನದು. ಮದುವೆಯಾದ ಮೇಲೆ ಅವರ ಹಣೆಯ ಗೆರೆ ಅಳಿಸಿದ್ದನ್ನು ನಾನು ಮೊದಲ ಬಾರಿ ನೋಡಿದ್ದು ಅಲ್ಲಿಯೇ, ಯುದ್ಧಭೂಮಿಯಲ್ಲಿ. ನಮ್ಮ ಮನೆಯ ಊಟದ ಮೇಜಿನ ಮುಂದೆ ನಾನು ಅದನ್ನು ನೋಡಲಿಲ್ಲವಲ್ಲ ಎಂದು ಮೊದಲು ಸ್ವಲ್ಪ ಬೇಸರವೂ ಆಯಿತು. ಇರಲಿ. ಅದು ಇಲ್ಲಿಗೆ ಸಂಬಂಧಿಸಿದ್ದಲ್ಲ.

ನಮ್ಮ ಯುದ್ಧದಲ್ಲಿ ಯಾರು ಬೀಳಬೇಕು ಎಂಬುದು ಬೆಳಿಗ್ಗೆಯೇ ತೀರ್ಮಾನವಾಗಿರುತ್ತದೆ. ಯಾವಾಗ ಬೀಳಬೇಕು ಎಂಬುದನ್ನು ಮಾತ್ರ ಎದುರಿನವನು ತಿಳಿಸಬೇಕು. ಹಾಗಾಗಿ ಪ್ರತಿಯೊಬ್ಬ ಬಿಳಿ ಅಂಗಿಗೂ ಒಬ್ಬ ನೀಲಿ ಅಂಗಿಯ ಜೋಡಿ. ಫುಲ್ಬೇರ್ ಅವರ ಜೋಡಿ ಅಂದಿನ ಜರ್ಮನ್ ರಾಜ್ಯವಾದ ಪ್ರಷ್ಯದ ಸಾಲಿನ ಡಾಕ್ಟರ್ ಫೋಲ್ಕ್‌ಮಾರ್ ಟೀಲ್. ಇಲ್ಲಿಯೇ ಕಂಬದ ಪಕ್ಕ ಕುಳಿತಿದ್ದಾರೆ. ತಲೆ ತಗ್ಗಿಸುವ ಅಗತ್ಯವಿಲ್ಲ, ಡಾಕ್ಟರ್. ಟೀಲ್ ಅವರು ಗುಂಡು ಹಾರಿಸುವ ಮೊದಲು ತಮ್ಮ ಟೋಪಿಯ ಅಂಚನ್ನು ಒಮ್ಮೆ ಮುಟ್ಟುವರು. ಅದು ಸಂಕೇತ. ಗುಂಡಿಲ್ಲದ ಬರೀ ಮದ್ದಿನ ಹೊಗೆ ಏಳುವುದು, ನನ್ನ ಪತಿ ಬೀಳುವರು. ಬಿದ್ದು, ತೆವಳಿ, ಆಕ್ರೋಟ ಮರದ ನೆರಳಿನಲ್ಲಿ ಪ್ರಾಣ ಬಿಡುವರು. ಬಿಸಿಲಿನಲ್ಲಿ ಪ್ರಾಣ ಬಿಟ್ಟರೆ ತಲೆನೋವು ಬರುತ್ತದೆ ಎಂಬ ಚಿಂತೆಯೊಂದು ಮಾತ್ರ ಉಳಿದಿತ್ತು. ಕೊನೆಗೆ ಡೋಲು ಬಾರಿಸಿದಾಗ ಸತ್ತವರೆಲ್ಲ ಎದ್ದು ಹುಲ್ಲು ಕೊಡವಿಕೊಂಡು ಸೂಪಿಗೆ ಬರುವರು.

ಇವರಿಬ್ಬರ ಸ್ನೇಹ ಬೆಳೆದ ಬಗೆ ನಮ್ಮ ಹೊಸಬರಿಗೆ ತಿಳಿದಿರಲಾರದು. ಹಳೆಯ ಕಾಲದಲ್ಲಿ ಸೈನ್ಯ ಸೇರುವವನ ಬಾಯಿ ತೆರೆಸಿ ಮುಂದಿನ ಹಲ್ಲು ನೋಡುತ್ತಿದ್ದರು. ತೋಟಾದ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿದು ಬಂದೂಕಿಗೆ ಮದ್ದು ಸುರಿಯಬೇಕು. ಹಲ್ಲಿಲ್ಲದವನು ಸೈನಿಕನಲ್ಲ. ಒಂದು ವಸಂತದಲ್ಲಿ ಫುಲ್ಬೇರ್ ಅವರ ಮುಂದಿನ ಹಲ್ಲು ಒಣ ಬ್ರೆಡ್ಡಿಗೆ ಬಲಿಯಾಯಿತು. ಪಡೆಯಿಂದ ಹೊರಬೀಳುತ್ತೇನೆಂದು ಅವರು ಊಟ ಬಿಟ್ಟರು. ಟೀಲ್ ಅವರು ವೃತ್ತಿಯಲ್ಲಿ ದಂತವೈದ್ಯರು. ಸುದ್ದಿ ನದಿ ದಾಟಿತು. ಅವರೇ ಫೋನು ಮಾಡಿದರು. ‘ಮಾರ್ಷಾಲ್, ನಾಳೆ ಬಾ. ನಿಂಗೆ ಹಲ್ಲಿಲ್ಲ ಅಂದ್ರೆ ನಾನು ಯಾರಿಗಪ್ಪಾ ಗುಂಡು ಹೊಡೀಲಿ?’ ಶತ್ರುವಿನ ಹಲ್ಲು ಕಟ್ಟಿಕೊಟ್ಟು ಮರಳಿ ಯುದ್ಧಕ್ಕೆ ಕಳುಹಿಸಿದ ವೈದ್ಯರು ಚರಿತ್ರೆಯಲ್ಲಿ ಎಷ್ಟು ಮಂದಿ ಇದ್ದಾರೆ? ಅಂದಿನಿಂದ ಪ್ರತಿ ಯುದ್ಧದ ಕೊನೆಯಲ್ಲಿ ಕೊಂದವರೂ ಸತ್ತವರೂ ಒಂದೇ ಬೆಂಚಿನ ಮೇಲೆ ಕುಳಿತು ಉಣ್ಣುತ್ತಿದ್ದರು. ಟೀಲ್ ಅವರು ತಾವೇ ಮಾಡಿದ ನೇರಳೆ ಬಣ್ಣದ ಪ್ಲಮ್ ಹಣ್ಣಿನ ಕೇಕು ತರುತ್ತಿದ್ದರು. ಅದು ನನ್ನ ಮಿರಬೆಲ್ ಕಡುಬಿಗೆ ಸಮವಲ್ಲ. ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆದರೆ ಫುಲ್ಬೇರ್ ಎರಡನ್ನೂ ತಿಂದು, ಇಬ್ಬರ ಮುಖವನ್ನೂ ನೋಡಿ, ‘ನಾನು ಸತ್ತಿದ್ದೀನಪ್ಪ, ನನ್ನನ್ನ ಏನೂ ಕೇಳ್ಬೇಡಿ’ ಎನ್ನುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲಿ, ಹಗಲು ಹೊತ್ತಿನಲ್ಲಿ, ಶಾಂತವಾಗಿ. ಪ್ರತಿ ಬೇಸಿಗೆಯಲ್ಲಿಯೂ ಪತಿ ಬೀಳುವುದನ್ನು ಸೌಟು ಹಿಡಿದು ನೋಡಿದ ಹೆಂಗಸು ನಾನು. ಇಷ್ಟು ಅಭ್ಯಾಸವಾದ ಮೇಲೆ ನಿಜವಾದದ್ದು ಬಂದಾಗ ಸ್ವಲ್ಪ ಹಗುರವಾಗಬಹುದು ಎಂದು ಎಣಿಸಿದ್ದೆನೇ? ಎಣಿಸಿದ್ದಿರಬೇಕು. ಪಾಠವನ್ನು ಎಷ್ಟು ಬಾರಿ ಒಪ್ಪಿಸಿದರೂ ಪರೀಕ್ಷೆಯಲ್ಲಿ ಬೇರೆಯದೇ ಪ್ರಶ್ನೆ ಬರುತ್ತದೆಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ.

ಈಗ ನಮ್ಮ ಪಡೆಯ ಒಂದು ನಿಯಮವನ್ನು ಹೇಳಬೇಕು. ನಮ್ಮವರೊಬ್ಬರು ತೀರಿಕೊಂಡರೆ ಒಂದು ಋತುವಿನ ಮಟ್ಟಿಗೆ ಸಾಲಿನಲ್ಲಿ ಅವರ ಜಾಗವನ್ನು ತೆರವಾಗಿಯೇ ಬಿಡುತ್ತೇವೆ. ಇಡೀ ಸಾಲು ಭುಜಕ್ಕೆ ಭುಜ ತಾಗಿಸಿ ನಡೆಯುವಾಗ, ನಡುವೆ ಒಬ್ಬ ಮನುಷ್ಯನ ಅಗಲದ ತೆರಪು ಕೂಡ ಜೊತೆಗೆ ನಡೆಯುತ್ತದೆ. ಸಂತ ಮೋರಿಸನ ದಿನ ಮನೆಯವರು ಒಂದು ಮಾತು ಹೇಳಬೇಕು. ಒಂದೋ ಆ ಹೆಸರನ್ನೂ ಜಾಗವನ್ನೂ ಇನ್ನೊಬ್ಬರಿಗೆ ಕೊಡಬೇಕು. ಇಲ್ಲವೇ ಹೆಸರನ್ನು ಶಾಶ್ವತವಾಗಿ ಮಡಿಸಿಟ್ಟು ಸಾಲನ್ನು ಒತ್ತರಿಸಿ ಮುಚ್ಚಬೇಕು. ಈ ನಿಯಮವನ್ನು ತಂದವರು ಫುಲ್ಬೇರ್ ಅವರೇ. ಅಂದಿನ ಚರ್ಚೆಯಲ್ಲಿ ಅವರು ಎದ್ದು ಹೇಳಿದ್ದು ನನಗೆ ನೆನಪಿದೆ. ‘ನೋಡಿ, ಜಾಗ ತಕ್ಷಣ ತುಂಬಿಬಿಟ್ರೆ ಸತ್ತೋನಿಗೆ ಬೇಜಾರಾಗತ್ತೆ. ಯಾವತ್ತೂ ತುಂಬ್ದೇ ಇದ್ರೆ ಅಕ್ಕಪಕ್ಕದೋರಿಗೆ ಗಾಳಿ ಹೊಡಿಯತ್ತೆ.’ ವಾಕ್ಯ ಸ್ವಲ್ಪ ಒರಟಾಗಿತ್ತು. ನಾನು ತಿದ್ದಿಕೊಡುತ್ತೇನೆಂದೆ. ಅವರು ತಿದ್ದಲು ಬಿಡಲಿಲ್ಲ.

ಈ ವರ್ಷದ ಮೊದಲ ಯುದ್ಧ ನಡೆದದ್ದು ಜೂನ್ ಆರಂಭದಲ್ಲಿ. ನಾನು ಕಡಾಯಿಯ ಬಳಿ ಇದ್ದೆ. ನಮ್ಮ ಸಾಲು ಮುಂದೆ ಬಂತು, ಅದರ ಜೊತೆ ತೆರಪೂ ಬಂತು. ನೀಲಿ ಸಾಲು ಬಂದೂಕು ಎತ್ತಿತು. ಆಗ ಡಾಕ್ಟರ್ ಟೀಲ್ ಟೋಪಿಯ ಅಂಚನ್ನು ಮುಟ್ಟಿದರು. ತೆರಪಿನ ಕಡೆಗೆ. ಗುಂಡು ಹಾರಿಸಿದರು. ಹೊಗೆ ಎದ್ದಿತು. ಅವರು ಬಂದೂಕನ್ನು ಭುಜದಿಂದ ಇಳಿಸದೆ ಹಾಗೆಯೇ ನಿಂತರು. ಏನನ್ನು ಕಾಯುತ್ತಿದ್ದರು? ಬೀಳಬೇಕಾದ ಮನುಷ್ಯನನ್ನು. ಅವರ ಸಾಲು ಮುಂದೆ ಸಾಗಿತು, ಅವರು ಸಾಗಲಿಲ್ಲ. ಅವರ ಸಾರ್ಜೆಂಟ್ ಕೂಗುತ್ತಿದ್ದರು, ‘ಟೀಲ್! ಏ ಟೀಲ್! ನಿದ್ದೆ ಬಂತೇನಯ್ಯಾ? ನಡಿ ಮುಂದೆ!’ ಹಗ್ಗದಾಚೆ ಕುಳಿತಿದ್ದ ಪ್ರೇಕ್ಷಕರು ನಕ್ಕರು. ಅವರ ತಪ್ಪೇನೂ ಇಲ್ಲ. ವಯಸ್ಸಾದ ಪ್ರಷ್ಯದ ಸೈನಿಕನೊಬ್ಬ ಖಾಲಿ ಹುಲ್ಲಿಗೆ ಗುರಿಯಿಟ್ಟು ನಿಂತರೆ ನಗು ಬರುವುದು ಸಹಜ.

ನಾನು ನಗಲಿಲ್ಲ. ಸೂಪು ಕೆಳಗೆ ಹತ್ತಿತು. ಅಂದಿನ ಸೂಪು ಸೀದುಹೋಗಿತ್ತೆಂದು ದೂರಿದವರಿಗೆ ಇಂದು ಕಾರಣ ತಿಳಿಯಿತು.

ಅಂದು ಸಂಜೆ ಅವರು ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ಕೇಕಿನ ಡಬ್ಬಿ ತೊಡೆಯ ಮೇಲಿತ್ತು. ‘ಮೇಡಂ ಮಾರ್ಷಾಲ್, ಕ್ಷಮಿಸಿ, ಮರ್ತೇಹೋಗಿತ್ತು’ ಎಂದರು. ನಾನು ಒಂದು ತುಂಡು ಕೇಕು ತಿಂದೆ. ಮುಂದಿನ ವಾರ ಅವರು ನಮ್ಮ ಮನೆಯ ಗಂಟೆ ಒತ್ತಿದರು. ಬಾಗಿಲಲ್ಲಿಯೇ ನಿಂತು ಕೇಳಿದರು. ‘ಆ ಕಡೆ ನಿಂತ್ಕೊಂಡು ಆ ತೆರಪಿಗೆ ಇನ್ನೊಂದ್ಸಲ ಗುರಿ ಇಡೋದು ನನ್ ಕೈಲಾಗಲ್ಲ. ನೀವು ಒಪ್ಪಿದ್ರೆ ನಾನೇ ಆ ತೆರಪಲ್ಲಿ ನಿಂತ್ಕೋತೀನಿ. ಒಪ್ಪದಿದ್ರೆ ನನ್ ಬಂದೂಕು ಇನ್ನು ಗೋಡೆ ಮೇಲೇ ಇರತ್ತೆ.’

ಒಪ್ಪಿದೆನೇ? ಇಲ್ಲ. ಕಾರಣವಾಗಿ ನಾನು ವ್ಯಾಕರಣವನ್ನು ಮುಂದಿಟ್ಟೆ. ನಮ್ಮ ಫ್ರೆಂಚ್ ಭಾಷೆಯಲ್ಲಿ ಸೂರ್ಯ ಗಂಡು, ಚಂದ್ರ ಹೆಣ್ಣು. ನದಿ ದಾಟಿದರೆ ತಿರುಗುಮುರುಗು. ಟೀಲ್ ಅವರು ಇಷ್ಟು ವರ್ಷ ಗಡಿಯಲ್ಲಿದ್ದೂ ನಮ್ಮ ಸೂಪನ್ನು ಗಂಡು ಮಾಡುತ್ತಾರೆ, ಬಂದೂಕಿಗೆ ಲಂಗ ತೊಡಿಸಿದಂತೆ ಮಾತನಾಡುತ್ತಾರೆ. ಆಜ್ಞೆಗಳನ್ನು ಸರಿಯಾಗಿ ಕೇಳಿ ಪಾಲಿಸಲಾಗದವರು ನಮ್ಮ ಸಾಲಿನಲ್ಲಿ ನಿಲ್ಲುವುದು ಹೇಗೆ? ಹೀಗೆಂದು ಹೇಳಿ, ಹಾಗಿದ್ದರೆ ಗುರುವಾರ ಮಧ್ಯಾಹ್ನ ಪಾಠಕ್ಕೆ ಬನ್ನಿ ಎಂದೆ. ಬಂದರು. ಬೇಸಿಗೆಯ ಎಲ್ಲ ಗುರುವಾರಗಳೂ ಬಂದರು. ನಮ್ಮ ಹಿತ್ತಲಲ್ಲಿ ಪೊರಕೆಯನ್ನು ಬಂದೂಕಿನಂತೆ ಹಿಡಿದು ಆ ವೃದ್ಧ ದಂತವೈದ್ಯರು ಎಡಕ್ಕೂ ಬಲಕ್ಕೂ ತಿರುಗುತ್ತಿದ್ದರೆ, ಪಕ್ಕದ ಮನೆಯ ಎರ್ಮೆಲಿನ್ ಬೇಲಿಯಾಚೆಯಿಂದ ಕೇಳುತ್ತಿದ್ದಳು: ‘ಏನ್ ಸೊಲಾಂಜ್, ಜರ್ಮನಿಯೋರು ಈಗ ಗುಡಿಸೋಕೂ ಬರ್ತಾರಾ?’

ಆಗಸ್ಟಿನಲ್ಲಿ ಪಡೆಯ ಸಭೆ ಸೇರಿತು. ಗೋಂಟ್ರಾನ್ ಅವರ ಮುಖ ಕೆಂಪಾಗಿತ್ತು. ‘ಅಲ್ಲಾ ಮೇಡಂ, ಇಷ್ಟು ವರ್ಷ ನಮ್ಮೋರ್ನ ಕೊಂದೋನನ್ನ ತಂದು ನಮ್ಮ ಸಾಲಲ್ಲೇ ನಿಲ್ಸೋದಾ? ಜನ ಏನಂದಾರು?’ ಇಲ್ಲಿ ಚರಿತ್ರೆಯ ಒಂದು ಮಾತನ್ನು ನೆನಪಿಸಬೇಕು. ಅಂದಿನ ರಾಜನ ಸೈನ್ಯದಲ್ಲಿ ಜರ್ಮನ್ ಮಾತನಾಡುವ ದಳಗಳೇ ಇದ್ದವು. ಇತ್ತ ಊಟ ಸರಿಯಿಲ್ಲದಿದ್ದರೆ ಸೈನಿಕ ಅತ್ತ ಹೋಗುತ್ತಿದ್ದ; ಅತ್ತ ಏಟು ಹೆಚ್ಚಾದರೆ ಇತ್ತ ಬರುತ್ತಿದ್ದ. ಪಕ್ಷಾಂತರ ಆ ಶತಮಾನದ ಸಾಮಾನ್ಯ ಧರ್ಮ. ನಮ್ಮ ಮೇಯರ್ ಅವರು ಕೆಮ್ಮುತ್ತಿದ್ದಾರೆ. ನಾನು ಹದಿನೆಂಟನೆಯ ಶತಮಾನದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ಚರ್ಚೆಯ ಕೊನೆಯಲ್ಲಿ, ತೆರಪಿನ ಬಲಗಡೆ ನಿಲ್ಲುವ ನಮ್ಮ ಬೇಕರಿಯ ಪ್ರೋಸ್ಪೇರ್ ಎದ್ದರು. ಅವರು ಸಭೆಯಲ್ಲಿ ಎದ್ದು ಮಾತನಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಟೋಪಿಯನ್ನು ತಿರುಗಿಸುತ್ತಾ, ‘ಮೇಡಂ, ಯಾರಾದ್ರೂ ಸರಿ. ನಂಗೆ ಎಡಗಡೆಯಿಂದ ಗಾಳಿ ಹೊಡೀತಾ ಇದೆ’ ಎಂದು ಕುಳಿತರು. ಎಲ್ಲರೂ ತೀರ್ಮಾನವನ್ನು ನನಗೇ ಬಿಟ್ಟರು. ಸಂತ ಮೋರಿಸನ ದಿನ ಹೇಳುತ್ತೇನೆಂದೆ. ಆ ದಿನ ಇಂದು.

ಹೇಳುತ್ತೇನೆ. ಆದರೆ ನನ್ನ ಕಷ್ಟ ವ್ಯಾಕರಣವಾಗಿರಲಿಲ್ಲ ಎಂಬುದನ್ನು ಈ ವೇಳೆಗೆ ಬುದ್ಧಿವಂತರಾದ ನೀವು ಊಹಿಸಿದ್ದೀರಿ. ಈ ಬೇಸಿಗೆಯುದ್ದಕ್ಕೂ ನಾನು ಪ್ರತಿ ಯುದ್ಧಕ್ಕೂ ಬಂದೆ. ಏಕೆ ಬಂದೆ? ಸೂಪಿಗಾಗಿಯೇ? ಸಾಲು ತಿರುಗಿದರೆ ತೆರಪು ತಿರುಗುತ್ತಿತ್ತು. ಸಾಲು ನಿಂತರೆ ತೆರಪು ನಿಲ್ಲುತ್ತಿತ್ತು. ಅದರ ಎತ್ತರ ಎಷ್ಟೆಂದು ಕೂಡ ನನಗೆ ಗೊತ್ತಿತ್ತು. ಅದರೊಳಗಿನಿಂದ ಆಕ್ರೋಟ ಮರ ಕಾಣುತ್ತಿತ್ತು. ಮನೆಯಲ್ಲಿ ಅವರ ಕುರ್ಚಿ ಬರೀ ಕುರ್ಚಿ, ಅದು ನಡೆಯುವುದಿಲ್ಲ. ಈ ಊರಿನಲ್ಲಿ ಅವರು ಇನ್ನೂ ನಡೆಯುತ್ತಿದ್ದ ಜಾಗ ಅದೊಂದೇ. ಅದನ್ನು ಮುಚ್ಚಲು ನನ್ನ ಬಾಯಿಂದಲೇ ಹೇಳಬೇಕಿತ್ತು. ಮೇಲಾಗಿ, ಡೋಲು ಬಾರಿಸಿದಾಗ ನಾನು ಪ್ರತಿ ಬಾರಿಯೂ ಮರದ ಕಡೆಗೇ ನೋಡುತ್ತಿದ್ದೆ. ಎದ್ದು ಬರುವವರಲ್ಲಿ ಒಬ್ಬರು ಕಡಿಮೆ. ಬುದ್ಧಿಗೆ ತಿಳಿದಿತ್ತು, ಬಟ್ಟಲನ್ನು ಮಾತ್ರ ಒಂದು ಹೆಚ್ಚಾಗಿಯೇ ಇಡುತ್ತಿದ್ದೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನೀರು ಕೊಡಿ, ಗೋಂಟ್ರಾನ್. ಧನ್ಯವಾದ.

ಇನ್ನು ಮೇಜಿನ ಮೇಲಿನ ವಸ್ತ್ರ ತೆಗೆಯುತ್ತೇನೆ. ಇದು ಫುಲ್ಬೇರ್ ಅವರ ಕೋಟು. ಉಣ್ಣೆಯನ್ನು ಕತ್ತರಿಸಿದವಳು ನಾನು, ಹೊಲಿದವಳು ನಾನು. ಎಡ ತೋಳಿನಲ್ಲಿ ಮದ್ದಿನ ಕಿಡಿ ತಾಗಿದ ಕಂದು ಗುರುತಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಕಾಲರಿನ ಒಳಗೆ ನಿಶ್ಚಿಂತ ಎಂಬ ಹೆಸರನ್ನು ದಾರದಲ್ಲಿ ಹೊಲಿದಿದ್ದೇನೆ. ಫುಲ್ಬೇರ್ ಸಣ್ಣ ಮೈಯವರು. ಡಾಕ್ಟರ್ ಟೀಲ್ ಅವರ ಭುಜ ಅಗಲ; ತಮ್ಮ ಕೇಕಿನ ಮೇಲೆ ತಮಗೇ ಪ್ರೀತಿ ಜಾಸ್ತಿ. ಆದ್ದರಿಂದ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆಳೆದು, ಮತ್ತೆ ಕೈಯಲ್ಲಿಯೇ ಹೊಲಿಯಬೇಕಾಯಿತು. ಉಣ್ಣೆ ದಪ್ಪ, ನನ್ನ ಬೆರಳು ಹಿಂದಿನಂತಿಲ್ಲ. ಜುಲೈ ತಿಂಗಳೆಲ್ಲ ಹಿಡಿಯಿತು.

ಏನದು? ಏಕೆ ಗುಸುಗುಸು? ಗೋಂಟ್ರಾನ್ ಬೆರಳು ಮಡಿಸುತ್ತಿದ್ದಾರೆ. ಹೌದು, ಪಡೆಯ ಸಭೆ ನಡೆದದ್ದು ಆಗಸ್ಟಿನಲ್ಲಿ. ಹೌದು, ಜುಲೈ ಆಗಸ್ಟಿಗಿಂತ ಮೊದಲು ಬರುತ್ತದೆ. ನಾನೇ ನಿಮಗೆ ಕಲಿಸಿದ್ದು. ಕೈ ಮೊದಲೇ ಹೊಲಿದುಬಿಟ್ಟಿತ್ತು. ಬಾಯಿಗೆ ಈ ಸಂಜೆಯವರೆಗೆ ಸಮಯ ಬೇಕಾಯಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಸರಿ, ನಗಿ.

ಈಗ ಎಲ್ಲರೂ ಸುಮ್ಮನಿರಬೇಕು. ಹೆಸರು ಕೊಡುವ ನಮ್ಮ ಕ್ರಮ ನಿಮಗೆ ತಿಳಿದೇ ಇದೆ. ನಾನು ಹೆಸರು ಕೂಗುತ್ತೇನೆ. ಹೆಸರು ಯಾರದೋ ಅವರು ನೆಟ್ಟಗೆ ನಿಂತು, ಇದ್ದೇನೆ ಎಂದು ಉತ್ತರಿಸಬೇಕು. ಗಟ್ಟಿಯಾಗಿ, ಸ್ಪಷ್ಟವಾಗಿ, ನುಂಗದೆ.

ನಿಶ್ಚಿಂತ!

ಇಲ್ಲ, ಡಾಕ್ಟರ್ ಟೀಲ್. ಕೂತುಕೊಂಡು ಅಲ್ಲ. ಮೊದಲು ಎದ್ದು ನಿಲ್ಲಿ. ಕರವಸ್ತ್ರ ಜೇಬಿಗೆ. ಪ್ರೋಸ್ಪೇರ್, ಅವರ ಕೈ ಹಿಡಿಯಿರಿ. ಇನ್ನೊಮ್ಮೆ ಕೂಗುತ್ತೇನೆ, ನನ್ನ ತರಗತಿಯಲ್ಲಿ ಎರಡನೆಯ ಬಾರಿ ಕೂಗಿಸಿಕೊಂಡವರು ಬಹಳ ಕಡಿಮೆ.

ನಿಶ್ಚಿಂತ!

ಹಾಂ. ಈಗ ಕೇಳಿಸಿತು. ಉಚ್ಚಾರಣೆಯೂ ಪರವಾಗಿಲ್ಲ.

ಬನ್ನಿ, ವೇದಿಕೆಗೆ ಬನ್ನಿ. ತೋಳು ಚಾಚಿ. ಆ ಕೈ ಅಲ್ಲ, ಈ ಕೈ. ಉಸಿರು ಬಿಡಿ, ಗುಂಡಿ ಹಾಕಬೇಕು. ಸರಿಯಾಗಿದೆ. ಭುಜದ ಬಳಿ ಸ್ವಲ್ಪ ಬಿಗಿಯಾಗಿದೆ, ಅದು ಇದ್ದರೆ ಒಳ್ಳೆಯದು, ನೆಟ್ಟಗೆ ನಿಲ್ಲಿಸುತ್ತದೆ. ಮುಂದಿನ ಬೇಸಿಗೆ ನೀವು ಯಾರ ಗುಂಡಿಗೆ ಬೀಳುತ್ತೀರೋ ನನಗೆ ತಿಳಿಯದು. ಆದರೆ ಬಿದ್ದರೆ ಬಿಸಿಲಿನಲ್ಲಿ ಬೀಳಬೇಡಿ. ಮರದ ನೆರಳಿಗೆ ತೆವಳಿ. ಡೋಲು ಬಾರಿಸಿದ ಕೂಡಲೇ ಎದ್ದು ಬನ್ನಿ, ಬಟ್ಟಲು ಇಟ್ಟಿರುತ್ತೇನೆ.

ಪ್ರೋಸ್ಪೇರ್, ನಿಮಗೆ ಇನ್ನು ಗಾಳಿ ಹೊಡೆಯಲಾರದು.

ಅಧ್ಯಕ್ಷರಿಗೆ ಅವರ ತಾಳ್ಮೆಗಾಗಿ, ಶತ್ರುಪಕ್ಷಕ್ಕೆ ಅವರ ಒಬ್ಬ ಒಳ್ಳೆಯ ಸೈನಿಕನನ್ನು ಬಿಟ್ಟುಕೊಟ್ಟದ್ದಕ್ಕಾಗಿ, ನಿಮಗೆಲ್ಲ ಒಬ್ಬ ಮಾತುಗಾರ್ತಿಯನ್ನು ಹಸಿದ ಹೊಟ್ಟೆಯಲ್ಲಿ ಸಹಿಸಿಕೊಂಡದ್ದಕ್ಕಾಗಿ ನನ್ನ ಕೃತಜ್ಞತೆಗಳು. ಒಲೆಯ ಬಳಿ ಇರುವವರು ದಯವಿಟ್ಟು ಕಡುಬನ್ನು ಹೊರಗೆ ತೆಗೆಯಿರಿ. ಹಾಗೆಯೇ ಯಾರಾದರೂ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿ. ನೋಡಿದ ಮೇಲೂ, ಅವರ ನೆನಪಿಗಾಗಿ, ಇನ್ನೊಮ್ಮೆ ನೋಡಿ ಬನ್ನಿ.

ನಮಸ್ಕಾರ.